ಗುದನಾಳದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಮೋಷನ್ ಹೇಗಿದೆ? ಅಳೆಯುವ ಫಾರಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆದವರಿಗೆ ಫಾಲೋಅಪ್‌ಗೆ ಹೋದಾಗ ಒಂದು ಫಾರಂ ಕೈಗೆ ಬರಬಹುದು. ದಿನಕ್ಕೆ ಎಷ್ಟು ಸಲ ಹೋಗ್ತೀರಿ, ತಡೆದುಕೊಳ್ಳೋಕೆ ಆಗುತ್ತಾ, ಗೊತ್ತಿಲ್ಲದೆ ಬಟ್ಟೆಗೆ ಆಗುತ್ತಾ ಅಂತ ಕೇಳುವ ಫಾರಂ. ಓದುತ್ತಿದ್ದ ಹಾಗೇ ಎಷ್ಟೋ ಜನ ಅದನ್ನು ಮಡಚಿ ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾರೆ. ನಾನು ಹಲವು ವರ್ಷ ಒಪಿಡಿಯಲ್ಲಿ ರೋಗಿಗಳ ಪಕ್ಕ ಕೂತು ಈ ಫಾರಂ ತುಂಬಿಸಿದ್ದೇನೆ. ಅವರು, ಅವರ ಮನೆಯವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಕ್ಯಾನ್ಸರ್ ತೆಗೆದಾಯಿತಲ್ಲ, ಮತ್ತೆ ಮೋಷನ್ ಯಾಕೆ ಕೆಡುತ್ತದೆ?

ಗುದನಾಳ ಅಂದರೆ ಮಲ ಕೂಡಿಟ್ಟುಕೊಳ್ಳುವ ತೊಟ್ಟಿ ಇದ್ದ ಹಾಗೆ. ತುಂಬಿದಾಗ ಹಿಗ್ಗುತ್ತದೆ, "ಈಗ ಹೋಗಬೇಕು" ಅಂತ ಸುದ್ದಿ ಮುಟ್ಟಿಸುತ್ತದೆ, ಬಂದಿರುವುದು ಗಾಳಿಯೋ ನೀರೋ ಗಟ್ಟಿಯೋ ಅಂತ ಗುರುತು ಹಿಡಿಯಲೂ ನೆರವಾಗುತ್ತದೆ. ಆಪರೇಷನ್‌ನಲ್ಲಿ ಆ ತೊಟ್ಟಿಯ ಒಂದು ಭಾಗವನ್ನೋ ಬಹುತೇಕ ಪೂರ್ತಿಯನ್ನೋ ತೆಗೆದು, ಮೇಲಿನ ದೊಡ್ಡ ಕರುಳನ್ನು ಕೆಳಗೆ ಎಳೆದು ಜೋಡಿಸುತ್ತಾರೆ. ದೊಡ್ಡ ಕರುಳು ಮುಂದಕ್ಕೆ ತಳ್ಳುವುದನ್ನು ಬಲ್ಲದು, ಹಿಡಿದಿಡುವುದನ್ನು ಅಷ್ಟಾಗಿ ಅರಿಯದು. ಹಾಗಾಗಿ ಸ್ವಲ್ಪ ಬಂದರೂ ಅವಸರ. ಹೋಗಿ ಬಂದು ಕೂತರೆ ಹತ್ತೇ ನಿಮಿಷಕ್ಕೆ ಮತ್ತೆ ಅವಸರ.

ಇದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು ಲಾರ್ಸ್. 'ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್' ಅನ್ನುವುದರ ಮೊದಲ ಅಕ್ಷರಗಳು ಸೇರಿ ಆದ ಹೆಸರು. ಗಡ್ಡೆ ಗುದದ್ವಾರಕ್ಕೆ ಎಷ್ಟು ಹತ್ತಿರ ಇತ್ತೋ ತೊಂದರೆ ಅಷ್ಟು ಜಾಸ್ತಿ. ರೇಡಿಯೇಷನ್ ಆಗಿದ್ದರೆ ಇನ್ನೂ ಜಾಸ್ತಿ. ಜೋಡಣೆ ಸೋರಿ ಸೋಂಕು ಆಗಿದ್ದವರಿಗೂ ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ನಿಮ್ಮ ತಪ್ಪಲ್ಲ. ಊಟದಲ್ಲಿ ಪಥ್ಯ ಮಾಡದ್ದಕ್ಕೆ ಬಂದಿದ್ದೂ ಅಲ್ಲ. ಎಷ್ಟೋ ಜನ ಹಾಗಂದುಕೊಂಡು ವರ್ಷಗಟ್ಟಲೆ ಮೊಸರನ್ನ ಮಾತ್ರ ತಿಂದಿರುವುದನ್ನು ನೋಡಿದ್ದೇನೆ.

ಎಷ್ಟು ಜನರಿಗೆ ಹೀಗಾಗುತ್ತದೆ?

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಲೆಕ್ಕ ಹಾಕಿದಾಗ, ಈ ಆಪರೇಷನ್ ಆದವರಲ್ಲಿ ಸುಮಾರು 41% ಜನರಿಗೆ ತೀವ್ರ ಮಟ್ಟದ ತೊಂದರೆ ಇರುವುದು ಕಂಡಿತು. ಅಂದರೆ ಹತ್ತರಲ್ಲಿ ನಾಲ್ಕು ಜನ. ವೇಟಿಂಗ್ ಹಾಲ್‌ನಲ್ಲಿ ನಿಮ್ಮ ಜೊತೆ ಬೆಂಚಿನ ಮೇಲೆ ಕೂತವರಲ್ಲಿ ಇನ್ನೂ ಕೆಲವರಿಗೆ ಇದೇ ಪಾಡು ಇರುತ್ತದೆ. ಯಾರೂ ಬಾಯಿಬಿಡುವುದಿಲ್ಲ, ಅಷ್ಟೇ.

ಡಾಕ್ಟರ್ "ಮೋಷನ್ ಹೇಗಿದೆ" ಅಂತ ಕೇಳ್ತಾರೆ, ನಾನು ಹೇಳ್ತೀನಿ. ಫಾರಂ ಯಾಕೆ ಬೇಕು?

ಯಾಕೆ ಅಂದರೆ ನೀವು "ಪರವಾಗಿಲ್ಲ ಡಾಕ್ಟ್ರೇ" ಅಂತೀರಿ. ನಾನೂ ಆ ಜಾಗದಲ್ಲಿ ಇದ್ದರೆ ಅದನ್ನೇ ಅಂತಿದ್ದೆ.

ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಯಜಮಾನರು ನೆನಪಾಗುತ್ತಾರೆ. ಅರವತ್ತರ ಹತ್ತಿರದ ವಯಸ್ಸು. ಒಳಗೆ ಡಾಕ್ಟರ್ ಹತ್ತಿರ "ಆರಾಮಾಗಿದೀನಿ" ಅಂದು ಎರಡು ನಿಮಿಷಕ್ಕೆ ಹೊರಗೆ ಬಂದರು. ಸ್ಕ್ಯಾನ್ ಚೆನ್ನಾಗಿತ್ತು. ಫಾರಂ ಓದಿ ಹೇಳಲು ಪಕ್ಕದಲ್ಲಿ ಕೂತೆ. ಎಲ್ಲದಕ್ಕೂ "ಇಲ್ಲಮ್ಮ, ಇಲ್ಲಮ್ಮ" ಅನ್ನುತ್ತಾ ಬಂದರು. "ಅವಸರವಾಗಿ ಓಡಬೇಕಾಗುತ್ತಾ?" ಅಂದಾಗ ಪಕ್ಕದಲ್ಲಿದ್ದ ಹೆಂಡತಿ ತಡೆಯಲಾರದೆ, "ಅಂಗಡೀಗೆ ಹೋಗೋದು ಬಿಟ್ಟು ಆರು ತಿಂಗಳಾಯ್ತು, ಅದನ್ನ ಯಾಕೆ ಹೇಳಲ್ಲ?" ಅಂದರು. ಅವರು ತಲೆ ತಗ್ಗಿಸಿ, ಹೆಗಲ ಮೇಲಿನ ಟವಲ್‌ನ ಅಂಚು ಮಡಚುತ್ತಾ ಕೂತರು. ಆಮೇಲೆ ನಿಧಾನಕ್ಕೆ ಒಂದೊಂದೇ ಹೇಳಿದರು. ತಕ್ಕಡಿ ಹಿಡಿದಿರುವಾಗಲೇ ಅವಸರ ಆಗುತ್ತಂತೆ, ಗಿರಾಕಿ ಎದುರಿಗೇ ನಿಂತಿರುತ್ತಾರಂತೆ. ಅಂಕ ಕೂಡಿಸಿದರೆ 39 ಬಂತು. 42ಕ್ಕೆ 39. ಈ ಫಾರಂನಲ್ಲಿ ಅಂಕ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ. ಎರಡು ನಿಮಿಷದ ಹಿಂದೆ ಅವರ ಚೀಟಿಯಲ್ಲಿ "ತೊಂದರೆ ಇಲ್ಲ" ಅಂತ ಬರೆದಾಗಿತ್ತು.

ಡಾಕ್ಟರುಗಳ ಅಂದಾಜೂ ಎಷ್ಟೋ ಸಲ ತಪ್ಪುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿಗಳ ಜೀವನಕ್ಕೆ ಯಾವುದು ಜಾಸ್ತಿ ಕಷ್ಟ ಕೊಡುತ್ತದೆ ಅಂತ ತಜ್ಞರನ್ನೇ ಕೇಳಿದರು. ಅವರು ನೀರು ಮಲ ಸೋರುವುದು, ತುಂಬಾ ಸಲ ಹೋಗುವುದು ದೊಡ್ಡ ಕಷ್ಟ ಅಂದುಕೊಂಡಿದ್ದರು. ಅವಸರವನ್ನೂ, ಮತ್ತೆ ಮತ್ತೆ ಹೋಗಬೇಕಾದ್ದನ್ನೂ ಕಡಿಮೆ ಅಂದಾಜು ಮಾಡಿದ್ದರು. ರೋಗಿಗಳ ಉತ್ತರಗಳಲ್ಲಿ ಈ ಎರಡರ ಭಾರವೇ ಜಾಸ್ತಿ ಇತ್ತು. ಅನುಭವಿಸುವವರೇ ಹೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ ಅಲ್ವಾ?

ಲಾರ್ಸ್ ಸ್ಕೋರ್‌ನಲ್ಲಿ ಏನೇನು ಕೇಳುತ್ತಾರೆ?

ಇಷ್ಟು ಹೊತ್ತು ಹೇಳಿದ ಫಾರಂನ ಹೆಸರೇ ಇದು. ಐದೇ ಪ್ರಶ್ನೆ. ಡೆನ್ಮಾರ್ಕ್‌ನ ಎಮರ್ಟ್‌ಸೆನ್ ಮತ್ತು ಲೌರ್‌ಬರ್ಗ್ ಎಂಬ ಡಾಕ್ಟರುಗಳು ಆ ದೇಶದಲ್ಲಿ ಆಪರೇಷನ್ ಆಗಿದ್ದ 961 ಜನರ ಉತ್ತರ ಇಟ್ಟುಕೊಂಡು ಇದನ್ನು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಈಗ ಅನೇಕ ಭಾಷೆಗಳಿಗೆ ಹೋಗಿದೆ. ಅಂಕ ಹೀಗೆ:

- ಗಾಳಿ (ಹೂಸು) ತಡೆಯಲಾಗದೆ ಹೋಗುತ್ತದೆಯೇ? ಇಲ್ಲ ಅಂದರೆ 0, ವಾರಕ್ಕೆ ಒಂದು ಸಲಕ್ಕಿಂತ ಕಡಿಮೆ ಅಂದರೆ 4, ವಾರಕ್ಕೆ ಒಂದು ಸಲವಾದರೂ ಅಂದರೆ 7.
- ನೀರಾದ ಮಲ ಗೊತ್ತಿಲ್ಲದೆ ಸೋರುತ್ತದೆಯೇ? ಇಲ್ಲ ಅಂದರೆ 0, ಎಷ್ಟೇ ಸಲ ಆದರೂ 3.
- ದಿನಕ್ಕೆ ಎಷ್ಟು ಸಲ ಹೋಗುತ್ತೀರಿ? 1ರಿಂದ 3 ಸಲಕ್ಕೆ 0, 4ರಿಂದ 7 ಸಲಕ್ಕೆ 2, 7ಕ್ಕಿಂತ ಜಾಸ್ತಿಗೆ 4, ದಿನಕ್ಕೆ ಒಂದು ಸಲಕ್ಕಿಂತ ಕಡಿಮೆ ಆದರೆ 5.
- ಹೋಗಿ ಬಂದ ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ? ಇಲ್ಲ ಅಂದರೆ 0, ವಾರಕ್ಕೆ ಒಂದು ಸಲಕ್ಕಿಂತ ಕಡಿಮೆಗೆ 9, ಒಂದು ಸಲವಾದರೂ ಅಂದರೆ 11.
- ತಡೆಯಲಾಗದ ಅವಸರಕ್ಕೆ ಟಾಯ್ಲೆಟ್‌ಗೆ ಓಡಬೇಕಾಗುತ್ತದೆಯೇ? ಇಲ್ಲ ಅಂದರೆ 0, ವಾರಕ್ಕೆ ಒಂದು ಸಲಕ್ಕಿಂತ ಕಡಿಮೆಗೆ 11, ಒಂದು ಸಲವಾದರೂ ಅಂದರೆ 16.

ಒಟ್ಟು 42. ಇಪ್ಪತ್ತರವರೆಗೆ ಬಂದರೆ ಲಾರ್ಸ್ ಇಲ್ಲ. 21ರಿಂದ 29 ಸಣ್ಣ ಮಟ್ಟದ್ದು. 30 ಮತ್ತು ಅದಕ್ಕಿಂತ ಮೇಲೆ ತೀವ್ರ.

ಬಟ್ಟೆಗೆ ಸೋರಿದರೆ ಬರೀ 3, ಅವಸರಕ್ಕೆ 16. ಇದು ತಲೆಕೆಳಗಾಗಿಲ್ಲವೇ?

ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಈ ಅಂಕಗಳನ್ನು ಯಾರೋ ಮೇಜಿನ ಮುಂದೆ ಕೂತು ಸುಮ್ನೆ ಹಂಚಿಲ್ಲ. "ನಿಮ್ಮ ಮೋಷನ್ ತೊಂದರೆ ನಿಮ್ಮ ಜೀವನಕ್ಕೆ ಎಷ್ಟು ಅಡ್ಡಿ ಮಾಡಿದೆ" ಅಂತಲೂ ರೋಗಿಗಳನ್ನು ಕೇಳಿ, ಯಾವ ಲಕ್ಷಣ ಆ ಅಡ್ಡಿಯ ಜೊತೆ ಎಷ್ಟು ಬಿಗಿಯಾಗಿ ಹೊಂದಿಕೊಂಡಿದೆ ಅಂತ ಲೆಕ್ಕ ಹಾಕಿ ತೂಕ ಕೊಟ್ಟಿದ್ದಾರೆ. ಸೋರುವುದಕ್ಕೆ ಪ್ಯಾಡ್ ಇಟ್ಟುಕೊಳ್ಳಬಹುದು. ಅವಸರಕ್ಕೆ ಯಾವ ಪ್ಯಾಡೂ ಇಲ್ಲ. ಬಸ್ಸು ಹತ್ತುವ ಮೊದಲು, ಮದುವೆಮನೆಯಲ್ಲಿ ಪಂಕ್ತಿಗೆ ಕೂರುವ ಮೊದಲು, ದೇವಸ್ಥಾನದ ಕ್ಯೂನಲ್ಲಿ ನಿಲ್ಲುವ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ಹುಡುಕಬೇಕು. ಜೊತೆಗೆ, ಸೋರುವವರಲ್ಲಿ ಬಹಳ ಜನರಿಗೆ ಅವಸರವೂ ಇರುತ್ತದೆ. ಅವರ ಕಷ್ಟದ ದೊಡ್ಡ ಪಾಲು ಅಲ್ಲಿಗೇ ಸೇರಿಬಿಡುತ್ತದೆ.

ದಿನಕ್ಕೊಮ್ಮೆಯೂ ಆಗದವರಿಗೆ ಏಳು ಸಲ ಮೀರಿ ಹೋಗುವವರಿಗಿಂತ ಒಂದು ಅಂಕ ಜಾಸ್ತಿ ಇರುವುದನ್ನೂ ಗಮನಿಸಿ. ಎರಡು ದಿನ ಏನೂ ಆಗದೆ ಮೂರನೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂರುವವರನ್ನು ಮಾತಾಡಿಸಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಚೀಲ ಇನ್ನೂ ಇದೆ. ನಾನು ಫಾರಂ ತುಂಬಬೇಕಾ?

ಈಗ ಬೇಡ. ಕೆಲವರಿಗೆ ಆಪರೇಷನ್‌ನಲ್ಲಿ ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಕೂಡಲು ಅಲ್ಲಿ ಚೀಲ ಅಂಟಿಸಿರುತ್ತಾರೆ. ಆ ಚೀಲ ಇರುವಾಗ ಮಲ ಕೆಳಗಿನ ದಾರಿಯಲ್ಲಿ ಬರುವುದೇ ಇಲ್ಲ, ಅಳೆಯುವುದಕ್ಕೆ ಏನೂ ಇರುವುದಿಲ್ಲ. ಚೀಲ ತೆಗೆದು ಹೊಟ್ಟೆಯ ಮೇಲಿನ ಆ ಬಾಯಿ ಮುಚ್ಚಿದ ದಿನದಿಂದ ಲೆಕ್ಕ ಶುರು.

ಯಾವಾಗ ಯಾವಾಗ ಅಳೆಯಬೇಕು?

ಚಿಕಿತ್ಸೆ ಶುರುವಾಗುವ ಮೊದಲು ಒಂದು ಸಲ ಅಳೆದಿಟ್ಟರೆ ಒಳ್ಳೆಯದು. ಆದರೆ ಗಡ್ಡೆಯೇ ಅವಸರ, ರಕ್ತ, ಮತ್ತೆ ಮತ್ತೆ ಹೋಗಬೇಕು ಅನ್ನಿಸುವುದು ಎಲ್ಲ ಮಾಡುತ್ತಿರುತ್ತದೆ. ಹಾಗಾಗಿ ಆ ಅಂಕವನ್ನು "ನನ್ನ ಮಾಮೂಲಿ" ಅಂತ ತಿಳಿಯಬಾರದು. ಕಾಯಿಲೆ ಬರುವ ಮೊದಲು ಹೇಗಿತ್ತು ಅಂತ ಬಾಯಲ್ಲಿ ಕೇಳಿ ಪಕ್ಕಕ್ಕೆ ಬರೆದುಕೊಳ್ಳುವುದು ನನ್ನ ಅಭ್ಯಾಸ.

ಆಪರೇಷನ್ ನಂತರ, ಅಥವಾ ಚೀಲ ಮುಚ್ಚಿದ ನಂತರ, ಒಂದು ತಿಂಗಳು, ಮೂರು, ಆರು, ಹನ್ನೆರಡು ತಿಂಗಳಿಗೆ ಮಾಡಿದರೆ ಹಾದಿ ಚೆನ್ನಾಗಿ ಕಾಣುತ್ತದೆ. ಮೊದಲ ವರ್ಷ ಸುಧಾರಣೆ ಜಾಸ್ತಿ. ಒಂದೂವರೆ, ಎರಡು ವರ್ಷದವರೆಗೂ ಸ್ವಲ್ಪ ಸ್ವಲ್ಪ ಆಗುತ್ತಿರುತ್ತದೆ. ಆಮೇಲೆ ಬಹುಪಾಲು ಅಲ್ಲೇ ನಿಲ್ಲುತ್ತದೆ. "ಕಾಲ ಕಳೆದ ಹಾಗೆ ಸರಿಹೋಗುತ್ತೆ" ಅನ್ನುವ ಮಾತು ಮೊದಲ ವರ್ಷಕ್ಕೆ ಅರ್ಧ ನಿಜ. ಐದನೇ ವರ್ಷದಲ್ಲೂ ಅದನ್ನೇ ಹೇಳಿ ಕಳಿಸುವುದು ಸರಿಯಲ್ಲ. ನೆದರ್‌ಲೆಂಡ್ಸ್‌ನಲ್ಲಿ ಆಪರೇಷನ್ ಆಗಿ ಸುಮಾರು 14 ವರ್ಷ ಕಳೆದವರನ್ನು ಇದೇ ಐದು ಪ್ರಶ್ನೆ ಕೇಳಿದಾಗ, ರೇಡಿಯೇಷನ್ ಆಗಿದ್ದವರಲ್ಲಿ 56%, ಆಗದಿದ್ದವರಲ್ಲಿ 35% ಜನರ ಅಂಕ ತೀವ್ರ ಮಟ್ಟದಲ್ಲೇ ಇತ್ತು.

ನಿನ್ನೆ ಒಂಥರಾ, ಇವತ್ತು ಇನ್ನೊಂಥರಾ. ಯಾವುದನ್ನು ಬರೆಯಲಿ?

ನಿಮ್ಮ ಮಾಮೂಲಿ ದಿನಗಳಿಗೆ ಹೆಚ್ಚು ಹೊಂದುವ ಒಂದೇ ಉತ್ತರ. ಫಾರಂನಲ್ಲೇ ಈ ಮಾತು ಇದೆ. ಹೋದ ವಾರ ಹೊಟ್ಟೆ ಕೆಟ್ಟು ಭೇದಿ ಆಗಿದ್ದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ.

ನೆನಪು ಕೈಕೊಡುತ್ತದೆ ಅನ್ನುವವರಿಗೆ ನಾನು ಹೇಳುವ ಉಪಾಯ ಸುಲಭದ್ದು. ಫಾಲೋಅಪ್‌ಗೆ ಎರಡು ವಾರ ಮೊದಲು ಗೋಡೆಯ ಕ್ಯಾಲೆಂಡರ್‌ಗೆ ಒಂದು ಪೆನ್ಸಿಲ್ ಕಟ್ಟಿಡಿ. ಹೋದ ಪ್ರತಿ ಸಲಕ್ಕೂ ಆ ದಿನದ ಚೌಕದಲ್ಲಿ ಒಂದು ಗೀಟು. ಓಡಿ ಹೋಗಿದ್ದರೆ ಗೀಟಿನ ಮೇಲೆ ಒಂದು ಚುಕ್ಕೆ. ಬಟ್ಟೆಗೆ ಆಗಿದ್ದರೆ ಒಂದು ಸೊನ್ನೆ. ಬೇರೆಯವರು ನೋಡಿದರೆ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ಒಬ್ಬ ಅಮ್ಮ ಮಾರ್ಚ್ ತಿಂಗಳ ಹಾಳೆಯನ್ನೇ ಹರಿದು ಪರ್ಸ್‌ನಲ್ಲಿ ಇಟ್ಟುಕೊಂಡು ತಂದಿದ್ದರು. ಯುಗಾದಿಯ ಚೌಕದಲ್ಲಿ ಒಂಬತ್ತು ಗೀಟು, ಆರು ಚುಕ್ಕೆ. ಹಬ್ಬದ ದಿನ ಏನಾಯಿತು ಅಂತ ಡಾಕ್ಟರ್ ಕೇಳಲೇಬೇಕಾಯಿತು.

ಕನ್ನಡದಲ್ಲಿ ಕೇಳಿದರೂ ನಮ್ಮಪ್ಪನಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ಏನು ಮಾಡೋದು?

ಇದು ನನಗೆ ತುಂಬಾ ಹತ್ತಿರದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಇಂಥ ಫಾರಂ ಬೇರೆ ಭಾಷೆಗೆ ತರುವುದಕ್ಕೆ ಒಂದು ಕ್ರಮ ಇದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ಕಾಣದ ಇನ್ನೊಬ್ಬರು ಅದನ್ನು ವಾಪಸ್ ಮೂಲ ಭಾಷೆಗೆ ತರಬೇಕು, ಆಮೇಲೆ ರೋಗಿಗಳ ಮುಂದೆ ಇಟ್ಟು "ನಿಮಗೆ ಏನು ಅರ್ಥ ಆಯಿತು" ಅಂತ ಕೇಳಬೇಕು. ಆ ಕೊನೆಯ ಹಂತ ಬಿಟ್ಟರೆ ಎಲ್ಲ ಕೆಟ್ಟಿತು.

'ಗ್ಯಾಸ್' ಅನ್ನುವ ಮಾತನ್ನೇ ತಗೊಳ್ಳಿ. ನಾನು ಕಂಡ ಒಂದು ಜೆರಾಕ್ಸ್ ಹಾಳೆಯಲ್ಲಿ "ಗ್ಯಾಸ್ ನಿಯಂತ್ರಣ ತಪ್ಪುತ್ತದೆಯೇ?" ಅಂತ ಬರೆದಿತ್ತು. ನಮ್ಮಲ್ಲಿ ಗ್ಯಾಸ್ ಅಂದರೆ ಎದೆ ಉರಿ, ಹೊಟ್ಟೆ ಉಬ್ಬರ, ಹುಳಿ ತೇಗು. ಒಬ್ಬರು "ಹೌದು, ಅದಕ್ಕೆ ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಮಾತ್ರೆ ತಗೋತೀನಿ" ಅಂತ ಹೇಳಿ ಏಳು ಅಂಕ ಪಡೆದರು! ಅವರಿಗೆ ಆ ತೊಂದರೆ ಇರಲೇ ಇಲ್ಲ. 'ಅಪಾನವಾಯು' ಅಂತ ಬರೆದರೆ ಯೋಗದ ಕ್ಲಾಸ್ ಅನ್ನುತ್ತಾರೆ. 'ಹೂಸು' ಅಂದರೆ ನಗುತ್ತಾರೆ, ಆದರೆ ಎಲ್ಲರಿಗೂ ಅರ್ಥ ಆಗುತ್ತದೆ. ನಾನು "ಕೆಳಗಿನಿಂದ ಹೋಗೋ ಗಾಳಿ" ಅನ್ನುತ್ತೇನೆ.

ಮೋಷನ್ ಅನ್ನುವುದಕ್ಕೂ ಹಾಗೆಯೇ. ಬೆಂಗಳೂರಲ್ಲಿ ಮೋಷನ್ ಸಾಕು. ವಯಸ್ಸಾದವರು "ಹೊರಕಡೆಗೆ ಹೋಗೋದು" ಅನ್ನುತ್ತಾರೆ, ಉತ್ತರ ಕರ್ನಾಟಕದ ಕಡೆಯವರು "ಸಂಡಾಸ" ಅನ್ನುತ್ತಾರೆ. "ಅವಸರ ಆಗುತ್ತಾ" ಅಂದರೆ ಕೆಲವರು ಕೆಲಸದ ಅವಸರ ಅಂದುಕೊಳ್ಳುತ್ತಾರೆ. "ಬಂತು ಅಂದ ತಕ್ಷಣ ಓಡದೇ ಇದ್ದರೆ ಬಟ್ಟೆಗೇ ಆಗಿಬಿಡುತ್ತೆ ಅನ್ನಿಸುತ್ತಾ?" ಅಂತ ಬಿಡಿಸಿ ಹೇಳಬೇಕು.

ಮನೆಯವರು ಓದಿ ಹೇಳಬಹುದು. ಉತ್ತರ ಮಾತ್ರ ಅಪ್ಪನದೇ ಆಗಿರಬೇಕು. ಮಗಳ ಮುಂದೆ ಹೇಳಲು ಸಂಕೋಚ ಇದ್ದರೆ ನರ್ಸ್ ಹತ್ತಿರ ಕೇಳಿ. ಪ್ರತಿ ಸಲವೂ ಅದೇ ಮಾತುಗಳಲ್ಲಿ ಕೇಳುವ ಹಾಗೆ ನೋಡಿಕೊಳ್ಳಿ. ಮಾತು ಬದಲಾದರೆ ಅಂಕವೂ ಬದಲಾಗುತ್ತದೆ.

ಅಂಕ ಕಡಿಮೆ ಬಂದಿದೆ. ಆದರೂ ನನಗೆ ಕಷ್ಟ ಇದೆ. ನನ್ನದು ಸುಳ್ಳಾ?

ಖಂಡಿತ ಅಲ್ಲ. ಐದು ಪ್ರಶ್ನೆಯಲ್ಲಿ ಎಲ್ಲ ಹಿಡಿಸುವುದಿಲ್ಲ. ಪೂರ್ತಿ ಹೋಗದೆ ತಿಣುಕುತ್ತಾ ಕೂರುವುದು, ನೋವು, ಗಟ್ಟಿ ಮಲ ಸೋರುವುದು, ಇವು ಅದರಲ್ಲಿ ಇಲ್ಲ. ದಿನಕ್ಕೆ ಐದು ಸಲ ಓಡುವವರಿಗೂ ವಾರಕ್ಕೆ ಒಂದು ಸಲ ಓಡುವವರಿಗೂ ಅದೇ 16.

ಇನ್ನೂ ಒಂದು ಇದೆ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಜನ ಬದುಕನ್ನೇ ಚಿಕ್ಕದು ಮಾಡಿಕೊಂಡು ತೊಂದರೆ ತಪ್ಪಿಸಿಕೊಳ್ಳುತ್ತಾರೆ. ಊರಿಗೆ ಹೋಗುವ ಹಿಂದಿನ ದಿನದಿಂದ ಊಟ ಇಲ್ಲ. ಹೊರಗೆ ಕಾಫಿ ಇಲ್ಲ. ತವರಿಗೆ ಹೋಗುವುದಿಲ್ಲ. ಟಾಯ್ಲೆಟ್ ಪಕ್ಕದಲ್ಲೇ ಇದ್ದರೆ ಯಾರೂ ಓಡಬೇಕಾಗಿಲ್ಲ, ಹಾಗಾಗಿ ಅಂಕ ಚೆನ್ನಾಗಿ ಬರುತ್ತದೆ. ಈ ಕೊರತೆ ಗೊತ್ತಾಗಿಯೇ 2020ರಲ್ಲಿ ಹಲವು ದೇಶಗಳ ರೋಗಿಗಳು, ಡಾಕ್ಟರುಗಳು, ನರ್ಸ್‌ಗಳು ಸೇರಿ ಲಾರ್ಸ್ ಅಂದರೆ ಏನು ಅಂತ ಹೊಸದಾಗಿ ಹೇಳಿದರು. ಎಂಟು ಲಕ್ಷಣ, ಎಂಟು ಪರಿಣಾಮ. ಒಂದು ಲಕ್ಷಣ ಇದ್ದು, ಅದರಿಂದ ಒಂದು ಪರಿಣಾಮ ಆಗಿದ್ದರೂ ಲಾರ್ಸ್ ಇದೆ ಎಂದೇ ಅರ್ಥ. ಟಾಯ್ಲೆಟ್ ಬಿಟ್ಟು ದೂರ ಹೋಗಲಾಗದಿರುವುದು, ಸದಾ ಅದೇ ಯೋಚನೆ, ದಾಂಪತ್ಯದ ಮೇಲೆ ಆಗುವ ಹೊಡೆತ, ಎಲ್ಲವೂ ಆ ಪಟ್ಟಿಯಲ್ಲಿವೆ.

ಹಾಗಾಗಿ ಫಾರಂನ ಹಿಂದಿನ ಖಾಲಿ ಜಾಗದಲ್ಲಿ "ಇದರಿಂದಾಗಿ ನಾನು ಬಿಟ್ಟಿರುವುದು" ಅಂತ ಬರೆದು ಕೆಳಗೆ ಪಟ್ಟಿ ಮಾಡಿ.

ಬೇರೆ ಫಾರಂಗಳೂ ಇವೆಯಂತೆ?

ಇವೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 2005ರಲ್ಲಿ ಪ್ರಕಟಿಸಿದ ಫಾರಂನಲ್ಲಿ 18 ಪ್ರಶ್ನೆ. ಊಟದ ವಿಷಯವನ್ನೂ ಅದು ಕೇಳುತ್ತದೆ. ಅದರಲ್ಲಿ ಅಂಕ ಜಾಸ್ತಿ ಬಂದಷ್ಟೂ ಒಳ್ಳೆಯದು, ಲಾರ್ಸ್‌ಗೆ ಉಲ್ಟಾ. ಎರಡನ್ನೂ ತುಂಬಿದವರು ಇದನ್ನು ನೆನಪಿಡಿ. ವೆಕ್ಸ್‌ನರ್ ಸ್ಕೋರ್ 1993ರದು, ಸೋರುವುದನ್ನು ಮಾತ್ರ 0ಯಿಂದ 20ರವರೆಗೆ ಅಳೆಯುತ್ತದೆ, ಅವಸರ ಅದರಲ್ಲಿ ಇಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ ಸಿ30 ಮತ್ತು ಸಿಆರ್29 ಫಾರಂಗಳು ಒಟ್ಟು ಜೀವನ ಹೇಗಿದೆ ಅಂತ ಕೇಳುತ್ತವೆ. ಒಪಿಡಿಯ ಗಡಿಬಿಡಿಯಲ್ಲಿ ಒಂದನ್ನೇ ಆರಿಸು ಅಂದರೆ ನಾನು ಲಾರ್ಸ್ ಆರಿಸುತ್ತೇನೆ. ಸಮಯ ಇದ್ದರೆ 18 ಪ್ರಶ್ನೆಯದನ್ನೂ ಸೇರಿಸುತ್ತೇನೆ.

ಆಪರೇಷನ್ ಆಗದವರಿಗೂ ಅಂಕ ಬರುತ್ತದಾ?

ಬರುತ್ತದೆ. ಡೆನ್ಮಾರ್ಕ್‌ನಲ್ಲಿ ಸಾಮಾನ್ಯ ಜನರನ್ನೇ ಕೇಳಿದಾಗ 50ರಿಂದ 79 ವಯಸ್ಸಿನ ಹೆಂಗಸರಲ್ಲಿ ಸುಮಾರು ಐದಕ್ಕೆ ಒಬ್ಬರಿಗೆ, ಗಂಡಸರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಅಂಕ 30 ಅಥವಾ ಅದಕ್ಕಿಂತ ಮೇಲೆ ಇತ್ತು. ಹಾಗಾಗಿ ಒಂದೇ ಒಂದು ಅಂಕ ನೋಡಿ ಗಾಬರಿ ಬೇಡ. ಹೋದ ಸಲಕ್ಕಿಂತ ಈ ಸಲ ಏನಾಗಿದೆ ಅನ್ನುವುದೇ ಮುಖ್ಯ.

ತುಂಬಿದರೆ ನನಗೇನು ಲಾಭ? ಚಿಕಿತ್ಸೆ ಇದೆಯಾ?

ಇದೆ. ಅದಕ್ಕೇ ಇಷ್ಟು ಬರೆದೆ. ಊಟದಲ್ಲಿ ಹೊಂದಾಣಿಕೆ, ಮಲ ಗಟ್ಟಿಯಾಗಲು ಇಸಬ್‌ಗೋಲ್‌ನಂಥ ನಾರು, ಕರುಳಿನ ಓಟ ನಿಧಾನ ಮಾಡುವ ಲೋಪೆರಮೈಡ್ ಮಾತ್ರೆ, ಮಲ ಹಿಡಿದಿಡುವ ಕೆಳಗಿನ ಸ್ನಾಯುಗಳಿಗೆ ಫಿಸಿಯೋಥೆರಪಿ, ಬಯೋಫೀಡ್‌ಬ್ಯಾಕ್ (ಆ ಸ್ನಾಯುಗಳು ಹೇಗೆ ಕೆಲಸ ಮಾಡುತ್ತಿವೆ ಅಂತ ಯಂತ್ರದಲ್ಲಿ ನೋಡುತ್ತಾ ಮಾಡುವ ಅಭ್ಯಾಸ). ಇವುಗಳಿಂದ ಆಗದಿದ್ದರೆ ಗುದದ್ವಾರದ ಮೂಲಕ ನೀರು ಹಾಯಿಸಿ ಕರುಳು ಖಾಲಿ ಮಾಡಿಕೊಳ್ಳುವ ವಿಧಾನ. ಕೆಲವರಿಗೆ ಬೆನ್ನಿನ ಕೆಳಭಾಗದ ನರಕ್ಕೆ ಸಣ್ಣ ಕರೆಂಟ್ ಕೊಡುವ ಸಾಧನ. ಏನು ಮಾಡಿದರೂ ಬದುಕು ಸಾಗದಿದ್ದರೆ ಮತ್ತೆ ಚೀಲ. ಅದನ್ನು ಸೋಲು ಅಂತ ನೋಡಬೇಡಿ. ಯಾವುದು, ಎಷ್ಟು, ಯಾವಾಗ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ.

ಆ ಅಂಗಡಿ ಯಜಮಾನರಿಗೆ ಮಾತ್ರೆ, ನಾರು, ವ್ಯಾಯಾಮ ಶುರು ಮಾಡಿದರು. ಆರು ತಿಂಗಳಿಗೆ ಅಂಕ 39ರಿಂದ 27ಕ್ಕೆ ಇಳಿಯಿತು. ಗಾಳಿ ಹಾಗೇ ಇತ್ತು, 7. ಸೋರುವುದು ನಿಂತಿತ್ತು. ದಿನಕ್ಕೆ ಮೂರು ಸಲ. ಮತ್ತೆ ಹೋಗಬೇಕಾದ್ದು 9, ಅವಸರ 11, ಎರಡೂ ವಾರಕ್ಕೊಮ್ಮೆಗಿಂತ ಕಡಿಮೆ. ಬೆಳಗ್ಗೆ ಮಗ ಅಂಗಡಿ ತೆಗೆಯುತ್ತಾನೆ, ಹನ್ನೊಂದಕ್ಕೆ ಇವರು ಹೋಗುತ್ತಾರೆ.

ಯಾವುದಕ್ಕೆ ಫಾರಂ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು?

ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ಜ್ವರದ ಜೊತೆ ಕೆಳಹೊಟ್ಟೆ ನೋವು, ವಾಂತಿ ಆಗುತ್ತಾ ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ಇರುವುದು. ಇವುಗಳಲ್ಲಿ ಯಾವುದಿದ್ದರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ನಮ್ಮ ಆಸ್ಪತ್ರೆಯಲ್ಲಿ ಯಾರೂ ಫಾರಂ ಕೊಟ್ಟಿಲ್ಲ. ಡಾಕ್ಟರ್ ಹತ್ತಿರ ಹೇಗೆ ಶುರು ಮಾಡಲಿ?

ಮೇಲಿನ ಐದು ಪ್ರಶ್ನೆಗೆ ಉತ್ತರ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಒಳಗೆ ಹೋದಾಗ ಸ್ಕ್ಯಾನ್ ರಿಪೋರ್ಟ್ ಕೊಡುವ ಮೊದಲೇ ಆ ಹಾಳೆ ಮೇಜಿನ ಮೇಲೆ ಇಡಿ. ರಿಪೋರ್ಟ್ ಚೆನ್ನಾಗಿದ್ದರೆ ಮಾತು ಅಲ್ಲಿಗೇ ಮುಗಿದುಬಿಡುತ್ತದೆ, ಅದಕ್ಕೆ. ಬಾಯಲ್ಲಿ ಹೇಳಲು ಆಗದಿದ್ದರೆ ಹಾಳೆಯ ಮೇಲ್ಗಡೆ ಹೀಗೆ ಬರೆದಿರಲಿ: "ಡಾಕ್ಟ್ರೇ, ವಾರಕ್ಕೆ ಇಷ್ಟು ಸಲ ಓಡಬೇಕಾಗುತ್ತೆ. ಇದರಿಂದ ಇಂಥ ಕೆಲಸ ಬಿಟ್ಟಿದ್ದೀನಿ. ಇದಕ್ಕೆ ಏನಾದರೂ ಮಾಡಬಹುದಾ?"